ನಾಲ್ಕನೇ ಕ್ಲಾಸಿಗೆ ಬಂದ ಮೇಲೂ ಒಬ್ಬೊಬ್ಬರಿಗೆ ಒಂದೊಂದು ಪಾಠ ಬೇಕಾ?

ಕುಷ್ಟಗಿ ಅಕ್ಕೋರು

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಟೀಚರ್. 14 ವರ್ಷ ಆಯ್ತು. ಇಷ್ಟೂ ವರ್ಷ ನಲಿ-ಕಲಿ ಕೋಣೆಯಲ್ಲೇ ಇದ್ದೆ, ಅಂದರೆ 1, 2, 3ನೇ ತರಗತಿ. ಈ ಜೂನ್‌ನಿಂದ ನನಗೆ 4 ಮತ್ತು 5ನೇ ತರಗತಿ ಕೊಟ್ಟಿದ್ದಾರೆ. ಎರಡೂ ಸೇರಿ 41 ಮಕ್ಕಳು, ಒಂದೇ ಕೋಣೆ. ಮೊದಲ ವಾರದಿಂದಲೇ ಒಂದು ಪ್ರಶ್ನೆ ತಲೆ ಕೊರೆಯುತ್ತಿದೆ. ಇಲ್ಲಿ ಪಾಲಕರೂ ಇದ್ದೀರಿ, ಮಾಸ್ತರುಗಳೂ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಲಿ-ಕಲಿ ಗೊತ್ತಿಲ್ಲದವರಿಗೆ ಎರಡು ಮಾತು. ಇದು 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಶುರುವಾಗಿದ್ದು. ಅಲ್ಲಿನ ಟೀಚರ್‌ಗಳು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಕಾರ್ಡ್ ಇಟ್ಟು ಕಲಿಸುವುದನ್ನು ನೋಡಿ ಬಂದರು. ಆಮೇಲೆ ತಾವೇ ಕೂತು ಕನ್ನಡದಲ್ಲಿ ಕಾರ್ಡ್ ಮಾಡಿದರು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಇದರಲ್ಲಿ ಮೂರೂ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಗೋಡೆ ಮೇಲೆ ಕಲಿಕಾ ಏಣಿ ಇರುತ್ತದೆ, ಅಂದರೆ ಕಲಿಯಬೇಕಾದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟ್ಟಿ. ಅಕ್ಷರ ಅ ಆ ಇ ಈ ಎಂದು ಶುರುವಾಗಲ್ಲ, ರ ಗ ಸ ದ ಅ ಎಂದು ಶುರುವಾಗುತ್ತದೆ. ಆ ಐದು ಅಕ್ಷರ ಬಂದರೆ ಸಾಕು, ಮಗು ಸರ, ದರ, ಅರಸ, ಅಗಸ, ಗರಗಸ ಎಂದು ಓದಿಬಿಡುತ್ತದೆ. ಓದಿದ ಖುಷಿ ಅವತ್ತೇ ಸಿಗುತ್ತದೆ. ಒಂದು ಮೆಟ್ಟಿಲು ಮುಗಿದ ಮೇಲೆ ಮುಂದಿನದು. ಯಾರು ಎಲ್ಲಿದ್ದಾರೋ ಅಲ್ಲಿಂದ. ಮುಗಿಸಿದ್ದನ್ನು ಪ್ರಗತಿ ನೋಟದಲ್ಲಿ ಮಗುವೇ ಗುರುತು ಹಾಕುತ್ತದೆ.

ಈಗ ನನ್ನ ಒಬ್ಬ ಹುಡುಗನ ಬಗ್ಗೆ ಹೇಳುತ್ತೇನೆ. ಅವರದು ಮಳೆ ನಂಬಿದ ಹೊಲ. ದೀಪಾವಳಿ ಮುಗಿಯಿತೆಂದರೆ ಅವ್ವ ಅಪ್ಪ ಇಬ್ಬರೂ ಬೆಂಗಳೂರಿಗೆ ಗುಳೆ ಹೋಗುತ್ತಾರೆ, ಕಟ್ಟಡದ ಕೆಲಸಕ್ಕೆ. ಇವನನ್ನೂ ಕರೆದುಕೊಂಡು ಹೋಗುತ್ತಾರೆ. ತಂಗಿಯನ್ನು ನೋಡಿಕೊಳ್ಳಲು ಯಾರಾದರೂ ಬೇಕಲ್ಲ. ಎರಡನೇ ತರಗತಿಯಲ್ಲಿದ್ದಾಗ ಹೀಗೆ ಹೋದವನು ಯುಗಾದಿ ಹತ್ತಿರ ವಾಪಸ್ ಬಂದ. ಬಂದ ದಿನ ನನ್ನ ಹತ್ತಿರ ಮಾತೇ ಆಡಲಿಲ್ಲ. ಸೀದಾ ಕಾರ್ಡ್ ಇಡುವ ತಟ್ಟೆ ಹತ್ತಿರ ಹೋಗಿ ಕೂತ. ಒಂದೊಂದೇ ಕಾರ್ಡ್ ತೆಗೆದು ನೋಡಿ ಪಕ್ಕಕ್ಕೆ ಇಡುತ್ತಾ ಹೋದ. ಆಮೇಲೆ ಒಂದನ್ನು ಎತ್ತಿ ಹಿಡಿದು, "ಅಕ್ಕೋರ, ನಾ ಬಿಟ್ಟು ಹೋಗಿದ್ದು ಇದನ್ನ" ಅಂದ. ಅದರ ಒಂದು ಮೂಲೆ ಅವನೇ ಕಚ್ಚಿ ಮೆತ್ತಗೆ ಮಾಡಿದ್ದು, ಹಾಗೇ ಇತ್ತು. ಪ್ರಗತಿ ನೋಟ ತೆಗೆದು ನೋಡಿದೆ. ಅದೇ ಕಾರ್ಡು. ಅವತ್ತು ಅಲ್ಲಿಂದಲೇ ಶುರು ಮಾಡಿದ. ನಾಲ್ಕು ತಿಂಗಳು ಊರಲ್ಲೇ ಇಲ್ಲದ ಹುಡುಗನಿಗೆ ಅವನ ಜಾಗ ಕಾದುಕೊಂಡಿತ್ತು.

ಮೂರನೇ ತರಗತಿಯಲ್ಲೂ ಹೋಗಿ ಬಂದ. ಈಗ 4ನೇ ತರಗತಿ, ನನ್ನ ಜೊತೆಗೇ. ಇಲ್ಲಿ ಏಣಿ ಇಲ್ಲ, ಪುಸ್ತಕ ಇದೆ. ಅವನು ಒತ್ತಕ್ಷರದಲ್ಲಿ ನಿಲ್ಲುತ್ತಾನೆ. "ಅಕ್ಕ", "ಅಣ್ಣ" ಓದುತ್ತಾನೆ. "ಪುಸ್ತಕ" ಬಂದರೆ "ಪುಸಕ" ಎನ್ನುತ್ತಾನೆ. ಲೆಕ್ಕದಲ್ಲಿ ಬೇರೆಯೇ ಹುಡುಗ. 50 ಕೆಜಿಯ 7 ಸಿಮೆಂಟ್ ಚೀಲ ಎಷ್ಟಾಯಿತು ಎಂದರೆ ಬಾಯಲ್ಲೇ 350 ಅನ್ನುತ್ತಾನೆ. ಬರಿ ಎಂದರೆ ತಲೆ ಬಗ್ಗಿಸುತ್ತಾನೆ. ಪಾಠ ಪುಟ 12ಕ್ಕೆ ಬಂದಿದೆ. ಅವನು ಪುಟ 2ರಲ್ಲಿದ್ದಾನೆ. ಅದೇ ಸಾಲಿನಲ್ಲಿ ಕೂತಿರುವ ಒಬ್ಬ ಹುಡುಗಿ ಇಡೀ ಪುಸ್ತಕ ಮನೆಯಲ್ಲೇ ಓದಿ ಮುಗಿಸಿದ್ದಾಳೆ. ಅವಳು ಕಿಟಕಿ ನೋಡುತ್ತಾ ಕೂರುತ್ತಾಳೆ.

ಹೋದ ತಿಂಗಳು ಪಾಲಕರ ಸಭೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತು, "ಎಲ್ಲಾರಿಗೂ ಒಂದ ಪಾಠ ಹೇಳ್ರಿ ಅಕ್ಕೋರ. ಕಾರ್ಡ್ ಹಿಡಿಸಿ ಹಿಡಿಸಿ ಹುಡುಗರು ಹಿಂದ ಬಿದ್ದಾವ" ಅಂದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ರಾತ್ರಿಯೆಲ್ಲ ಯೋಚಿಸಿದೆ.

ನನ್ನ ಪ್ರಶ್ನೆ ಇಷ್ಟೇ. ಮೂರು ವರ್ಷ ಮಗುವಿನ ಹಿಂದೆ ಪಾಠ ನಡೆಯಿತು. ನಾಲ್ಕನೇ ವರ್ಷ ಇದ್ದಕ್ಕಿದ್ದ ಹಾಗೆ ಪಾಠದ ಹಿಂದೆ ಮಗು ಓಡಬೇಕು. ಇದರಲ್ಲಿ ಯಾವುದು ಸರಿ? 41 ಮಕ್ಕಳಿಗೆ 41 ಪಾಠ ನನ್ನಿಂದ ಆಗಲ್ಲ, ಅದು ನನಗೆ ಗೊತ್ತು. ಒಂದೇ ಪಾಠ ಮಾಡಿದರೆ ಅರ್ಧ ಮಕ್ಕಳು ಸುಮ್ನೆ ಕೂತಿರುತ್ತಾರೆ, ಅದೂ ಗೊತ್ತು. ನಡುವೆ ದಾರಿ ಇದೆಯಾ? ಯಾರಾದರೂ ಮಾಡಿ ನೋಡಿದ್ದೀರಾ?


ರಾಯಚೂರು ಗಣಿತ ಮಾಸ್ತರು

ಅಕ್ಕೋರೆ, ಆ ಹುಡುಗ ಕಾರ್ಡ್ ಹುಡುಕಿದ್ದು ಓದಿ ಮನಸ್ಸು ಕಲಕಿತು. ಆದರೂ ನಾನು ಇನ್ನೊಂದು ಕಡೆಯಿಂದ ಮಾತಾಡಬೇಕು. ನಿಮ್ಮ ಕೈಯಿಂದ ಹೋದ ಮಕ್ಕಳು ಕೊನೆಗೆ ಬರುವುದು ನನ್ನಂಥವರ ಹತ್ತಿರ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ನಿಮ್ಮ ಹಂತಕ್ಕೆ 30 ಮಕ್ಕಳಿಗೆ ಒಬ್ಬ ಟೀಚರ್ ಎನ್ನುತ್ತದೆ, 6ರಿಂದ 8ಕ್ಕೆ 35. ನನ್ನ 8ನೇ ತರಗತಿಯಲ್ಲಿ 62 ಮಕ್ಕಳಿದ್ದಾರೆ.

ಪ್ರತಿ ವರ್ಷ ಮೊದಲ ದಿನ ಒಂದು ಲೆಕ್ಕ ಕೊಡುತ್ತೇನೆ. 612ನ್ನು 6ರಿಂದ ಭಾಗಿಸಿ. ಅರ್ಧ ಕ್ಲಾಸು 12 ಎಂದು ಬರೆಯುತ್ತದೆ. ಆರೊಂದ್ಲೆ ಆರು, ಆರೆರಡ್ಲೆ ಹನ್ನೆರಡು, ಮುಗೀತು. ನಡುವಿನ ಸೊನ್ನೆ ಮಾಯ. 612 ರೂಪಾಯಿಯನ್ನು ಆರು ಜನಕ್ಕೆ ಹಂಚಿದರೆ ಒಬ್ಬರಿಗೆ ಹನ್ನೆರಡೇ ರೂಪಾಯಿ ಬರುತ್ತದಾ ಎಂದು ಕೇಳಿದರೆ ಆಗ ಕಣ್ಣು ಬಿಡುತ್ತಾರೆ. ಏಳು ವರ್ಷ ಶಾಲೆಗೆ ಬಂದ ಮಕ್ಕಳು ಇವರು.

ನನ್ನ ಭಯ ಏನೆಂದರೆ, "ನಿನ್ನ ವೇಗದಲ್ಲಿ ಬಾ" ಎನ್ನುವುದು ನಿಧಾನಕ್ಕೆ "ನೀನು ಇಷ್ಟೇ" ಎಂದು ಆಗಿಬಿಡುತ್ತದೆ. ಒಂದು ನಲಿ-ಕಲಿ ಕೋಣೆಗೆ ಹೋಗಿದ್ದೆ, ಊರಿನ ಹೆಸರು ಬೇಡ. ಸ್ವಕಲಿಕೆ ಗುಂಪಿನಲ್ಲಿ ಒಬ್ಬ ಪುಟ್ಟ ಹುಡುಗಿ ಅದೇ ಹೂವಿಗೆ ಮತ್ತೆ ಮತ್ತೆ ಬಣ್ಣ ತುಂಬುತ್ತಿದ್ದಳು. ಎಷ್ಟು ದಿನದಿಂದ ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ, ಟೀಚರ್‌ಗೂ ಗೊತ್ತಿರಲಿಲ್ಲ. ಗಲಾಟೆ ಮಾಡದ ಮಗು ಅದು, ಹಾಗಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಎಲ್ಲರಿಗೂ ಒಂದೇ ಪಾಠ ಇದ್ದಿದ್ದರೆ ಅವಳಿಗೆ ಬರಲ್ಲ ಅನ್ನುವುದಾದರೂ ಮೊದಲ ವಾರದಲ್ಲೇ ಕಾಣುತ್ತಿತ್ತು.

ಎಸ್ಸೆಸ್ಸೆಲ್ಸಿಯಲ್ಲಿ ಕುಷ್ಟಗಿಗೊಂದು, ಬೆಂಗಳೂರಿಗೊಂದು ಪೇಪರ್ ಇರಲ್ಲ. ಗುಳೆ ಹೋದವನಿಗೂ ಅದೇ ಪ್ರಶ್ನೆ. ಕೊನೆಗೆ ಒಂದೇ ಬಾಗಿಲು ದಾಟಬೇಕಾದರೆ ಶುರುವಿನಿಂದ ಒಂದೇ ದಾರಿಯಲ್ಲಿ ನಡೆಸುವುದು ನ್ಯಾಯ ಅಂತ ನನಗೆ ಅನ್ನಿಸುತ್ತದೆ. ತಪ್ಪಿದ್ದರೆ ಹೇಳಿ.


ಕೌಲ್‌ಬಜಾರ್ ಟೈಲರ್

ನಾನು ಟೀಚರ್ ಅಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಸಣ್ಣ ಯೂನಿಟ್ ಇದೆ. ಮಗಳು 5ನೇ ತರಗತಿ. ನಿಮ್ಮಿಬ್ಬರ ಮಾತೂ ಓದಿದೆ. ನನ್ನ ಮನೆಯಲ್ಲಿ ಆಗಿದ್ದನ್ನು ಹೇಳುತ್ತೇನೆ.

ಮಗಳ ಶಾಲೆ ಖಾಸಗಿಯದು. ಎರಡನೇ ತರಗತಿಯಲ್ಲಿ ಒಂದು ಪರೀಕ್ಷೆ ಮಾಡಿ ಎ, ಬಿ, ಸಿ ಎಂದು ಮೂರು ಸೆಕ್ಷನ್ ಮಾಡಿದರು. ಪ್ರತಿ ಮಗುವಿಗೂ ಅದಕ್ಕೆ ತಕ್ಕ ಪಾಠ ಸಿಗಲಿ ಎಂದು ಹೇಳಿದರು. ನನಗೂ ಸರಿ ಅನ್ನಿಸಿತು. ನಮ್ಮ ಕಸುಬಿನಲ್ಲೂ 28, 30, 32 ಎಂದು ಸೈಜ್ ಇರುತ್ತದಲ್ಲ. ಮಗಳು ಸಿ ಸೆಕ್ಷನ್‌ಗೆ ಹೋದಳು. ಮೂರು ವರ್ಷ ಆಯ್ತು, ಸಿಯಲ್ಲೇ ಇದ್ದಾಳೆ. ಈ ಮೂರು ವರ್ಷದಲ್ಲಿ ಅವಳ ಬಟ್ಟೆ ಸೈಜ್ ನಾಲ್ಕು ಸಲ ಬದಲಾಗಿದೆ, ಸೆಕ್ಷನ್ ಒಂದು ಸಲವೂ ಬದಲಾಗಿಲ್ಲ. ಎ ಸೆಕ್ಷನ್‌ನವರಿಗೆ ಕೊಡುವ ಲೆಕ್ಕ ಇವರಿಗೆ ಕೊಡುವುದೇ ಇಲ್ಲ. ಕೊಡದೆ ಹೇಗೆ ಬರುತ್ತದೆ? ಒಂದು ದಿನ ಮನೆಯಲ್ಲಿ ಅವಳು, "ಅಪ್ಪಾ, ನಾವು ಸಿ ಅಲ್ವಾ, ನಮಗೆ ಅದು ಇರಲ್ಲ" ಅಂದಳು. ಆ ಮಾತು ನನಗೆ ಇವತ್ತಿಗೂ ನುಂಗಲು ಆಗಿಲ್ಲ.

ಆಮೇಲೆ ನಾನೇ ಕೂತೆ. ನಾನು ಓದಿದ್ದು ಏಳನೇ ಕ್ಲಾಸು, ಆದರೂ ಕೂತೆ. 402ರಲ್ಲಿ 178 ಕಳೆ ಅಂದೆ. ಅವಳು 376 ಎಂದು ಬರೆದಳು. ಬೈಯಬೇಕು ಅನ್ನಿಸಿತು, ಬೈಯಲಿಲ್ಲ. ಹೇಗೆ ಮಾಡಿದೆ ಎಂದು ಕೇಳಿದೆ. "ಎರಡರಲ್ಲಿ ಎಂಟು ಹೋಗಲ್ಲ, ಅದಕ್ಕೆ ಎಂಟರಲ್ಲಿ ಎರಡು ಕಳೆದೆ, ಆರು. ಸೊನ್ನೆಯಲ್ಲಿ ಏಳು ಹೋಗಲ್ಲ, ಏಳನ್ನೇ ಬರೆದೆ. ನಾಲ್ಕರಲ್ಲಿ ಒಂದು ಹೋದರೆ ಮೂರು." ನೋಡಿ, ಅವಳು ಮನಸ್ಸಿಗೆ ಬಂದದ್ದು ಬರೆದಿರಲಿಲ್ಲ. ಅವಳದೇ ಒಂದು ನಿಯಮ ಇತ್ತು. ದೊಡ್ಡದರಲ್ಲಿ ಚಿಕ್ಕದು ಕಳೆಯಬೇಕು, ಮೇಲಿದ್ದರೇನು ಕೆಳಗಿದ್ದರೇನು. ಮೂರು ವರ್ಷ ಯಾರೂ ಅವಳನ್ನು ಹೇಗೆ ಮಾಡಿದೆ ಎಂದು ಕೇಳಿರಲಿಲ್ಲ. ತಪ್ಪು ಗುರುತು ಹಾಕಿ ಕೊಟ್ಟಿದ್ದರು, ಅಷ್ಟೇ.

ಗಲ್ಲಾದಿಂದ ನೂರರ ನಾಲ್ಕು ನೋಟು, ಒಂದು ರೂಪಾಯಿಯ ಎರಡು ನಾಣ್ಯ ತೆಗೆದು ಅವಳ ಮುಂದೆ ಇಟ್ಟೆ. ದಾರದ ಅಂಗಡಿಯವನಿಗೆ 178 ಕೊಡು ಅಂದೆ. ಸ್ವಲ್ಪ ಹೊತ್ತು ನೋಡಿದಳು. "ಚಿಲ್ಲರೆ ಬೇಕು" ಅಂದಳು. ಒಂದು ನೂರು ತೆಗೆದುಕೊಂಡು ಹತ್ತರ ಹತ್ತು ನೋಟು ಕೊಟ್ಟೆ. "ಇನ್ನೂ ಚಿಲ್ಲರೆ ಬೇಕು" ಅಂದಳು. ಒಂದು ಹತ್ತಕ್ಕೆ ಹತ್ತು ನಾಣ್ಯ ಕೊಟ್ಟೆ. ಎಣಿಸಿ ಕೊಟ್ಟಳು, ಉಳಿದದ್ದು ಎಣಿಸಿದಳು. 224. ಆಮೇಲೆ ತಾನೇ ನೋಟ್‌ಬುಕ್ ಎಳೆದುಕೊಂಡು 376ನ್ನು ಹೊಡೆದು ಹಾಕಿದಳು. ನಾನು ಹೇಳಲಿಲ್ಲ.

ಅಕ್ಕೋರೆ, ನನಗೆ ತಿಳಿದಿದ್ದು ಇಷ್ಟು. ನನ್ನ ಮಗಳಿಗೆ ಬೇರೆ ಪಾಠ ಬೇಕಿರಲಿಲ್ಲ. ಎಲ್ಲಿ ಸಿಕ್ಕಿಕೊಂಡಿದ್ದಾಳೆ ಎಂದು ನೋಡುವ ಒಬ್ಬರು ಬೇಕಿತ್ತು. ಮಾಸ್ತರೆ, ನಿಮ್ಮ 612ರ ಸೊನ್ನೆ ಓದಿದ ತಕ್ಷಣ ಇದೇ ನೆನಪಾಯಿತು.


ಕುಷ್ಟಗಿ ಅಕ್ಕೋರು

ಟೈಲರ್ ಅಣ್ಣಾರೆ, ನೀವು ಟೀಚರ್ ಅಲ್ಲ ಎಂದು ಬರೆಯಬೇಡಿ. "ಹೇಗೆ ಮಾಡಿದೆ" ಎಂದು ಕೇಳುವುದೇ ನಮ್ಮ ಕೆಲಸದ ಅರ್ಧ.

ಮಾಸ್ತರೆ, ನೀವು ಹೇಳಿದ ಆ ಹೂವಿನ ಹುಡುಗಿ ನನ್ನ ಕೋಣೆಯಲ್ಲೂ ಇದ್ದಿರಬಹುದು. ಸುಳ್ಳು ಹೇಳಲಾರೆ. ಮೂರು ತರಗತಿ, ಐದು ಗುಂಪು, ಅದರ ನಡುವೆ ಬಿಸಿಯೂಟದ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಆನ್‌ಲೈನ್ ಮಾಹಿತಿ. ನನ್ನ ಪಕ್ಕ ಕೂತ ಗುಂಪಿಗೆ ಮಾತ್ರ ನಾನು ಪೂರ್ತಿ ಸಿಗುತ್ತಿದ್ದೆ. ದೂರದ ಗುಂಪಿಗೆ ಕಾರ್ಡ್ ಸಿಗುತ್ತಿತ್ತು, ನಾನು ಸಿಗುತ್ತಿರಲಿಲ್ಲ. ಏಣಿ ಇದ್ದರೆ ಸಾಲದು, ಹತ್ತುವಾಗ ಯಾರಾದರೂ ನೋಡುತ್ತಿರಬೇಕು.

ಆದರೆ ಒಂದೇ ದಾರಿ ನ್ಯಾಯ ಎನ್ನುವುದನ್ನು ಒಪ್ಪಲು ಆಗುತ್ತಿಲ್ಲ. ನನ್ನ ಹುಡುಗ ಆ ದಾರಿಯಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಇರುವುದೇ ಇಲ್ಲ. ಅವನಿಲ್ಲದಾಗ ಮುಂದೆ ಹೋದ ಪಾಠ ಅವನಿಗೆ ಹೇಗೆ ನ್ಯಾಯವಾಗುತ್ತದೆ?


ಸಿಂಧನೂರು ಸಿಆರ್‌ಪಿ

ಒಳ್ಳೆ ಚರ್ಚೆ. ನಾನು ಸಿಆರ್‌ಪಿ, ಅಂದರೆ ಅಕ್ಕಪಕ್ಕದ ಕೆಲವು ಶಾಲೆಗಳ ಗುಂಪಿಗೆ (ಕ್ಲಸ್ಟರ್) ಹೋಗಿ ಟೀಚರ್‌ಗಳಿಗೆ ನೆರವಾಗುವವನು. ನನ್ನ ಕ್ಲಸ್ಟರ್‌ನಲ್ಲಿ ಹಳ್ಳಿ ಶಾಲೆಗಳೂ ಇವೆ, ಹೊರಗಿನಿಂದ ಬಂದು ನೆಲೆಸಿದವರ ಕ್ಯಾಂಪಿನ ಶಾಲೆಗಳೂ ಇವೆ. ಮನೆಯಲ್ಲಿ ತೆಲುಗು ಆಡುವ ಮಕ್ಕಳು, ಬಂಗಾಳಿ ಆಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂತು ಕನ್ನಡ ಕಲಿಯುತ್ತಾರೆ. ಹಾಗಾಗಿ ಈ ಪ್ರಶ್ನೆ ನನಗೆ ದಿನಾ ಎದುರಾಗುತ್ತದೆ. ಓದಿ ತಿಳಿದ ಕೆಲವು ಸಂಗತಿ ಹೇಳುತ್ತೇನೆ.

ಮೊದಲು ಟೈಲರ್ ಅಣ್ಣನವರ ಮಗಳ ಲೆಕ್ಕ. ಅವರು ಕಂಡುಹಿಡಿದದ್ದನ್ನೇ ಅಮೆರಿಕದಲ್ಲಿ ಜಾನ್ ಸೀಲಿ ಬ್ರೌನ್, ರಿಚರ್ಡ್ ಬರ್ಟನ್ ಎಂಬ ಇಬ್ಬರು 1978ರಲ್ಲಿ ಬರೆದಿದ್ದಾರೆ. ಕಳೆಯುವ ಲೆಕ್ಕದಲ್ಲಿ ಮಕ್ಕಳು ಮಾಡುವ ಬಹಳಷ್ಟು ತಪ್ಪು ಅಜಾಗರೂಕತೆ ಅಲ್ಲ, ತಪ್ಪು ನಿಯಮವನ್ನು ಮಕ್ಕಳು ಸರಿಯಾಗಿ ಪಾಲಿಸುತ್ತಾರೆ ಎಂದು ತೋರಿಸಿದರು. ದೊಡ್ಡ ಅಂಕಿಯಲ್ಲಿ ಚಿಕ್ಕದನ್ನು ಕಳೆಯುವುದು ಅವರ ಪಟ್ಟಿಯಲ್ಲೂ ಇದೆ.

ಒಂದು ಮಗುವಿಗೆ ಒಬ್ಬ ಟೀಚರ್ ಇದ್ದರೆ ಏನಾಗುತ್ತದೆ ಎಂಬುದನ್ನೂ ನೋಡಿದ್ದಾರೆ. 1984ರಲ್ಲಿ ಅಮೆರಿಕದ ಶಿಕ್ಷಣ ತಜ್ಞ ಬೆಂಜಮಿನ್ ಬ್ಲೂಮ್ ಬರೆದರು: ಹಾಗೆ ಕಲಿತ ಸಾಧಾರಣ ಮಗು ಮಾಮೂಲಿ ತರಗತಿಯ 98 ಶೇಕಡಾ ಮಕ್ಕಳಿಗಿಂತ ಮುಂದೆ ಹೋಯಿತು. ಆಮೇಲಿನ ಅಧ್ಯಯನಗಳಲ್ಲಿ ಅಷ್ಟು ದೊಡ್ಡ ಲಾಭ ಕಂಡಿಲ್ಲ, ಆದರೆ ಲಾಭ ಇದೆ. ಬ್ಲೂಮ್ ಎಲ್ಲರಿಗೂ ಒಬ್ಬೊಬ್ಬ ಟೀಚರ್ ಕೊಡಿ ಎನ್ನಲಿಲ್ಲ, ಅದು ಯಾವ ದೇಶಕ್ಕೂ ಆಗದ ಖರ್ಚು. ಗುಂಪಿನಲ್ಲೇ ಅದರ ಹತ್ತಿರ ಹೋಗುವ ದಾರಿ ಹುಡುಕಿ ಎಂದರು. ಅಕ್ಕೋರು ಕೇಳುತ್ತಿರುವುದೂ ಅದನ್ನೇ ಅಲ್ವಾ?

ಒಂದು ದಾರಿ ನಮ್ಮ ದೇಶದಲ್ಲೇ ಇದೆ. ಮಕ್ಕಳ ಕಲಿಕೆಗಾಗಿ ಕೆಲಸ ಮಾಡುವ ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆ ಮಾಡಿದ್ದು. 3, 4, 5ನೇ ತರಗತಿಯ ಮಕ್ಕಳನ್ನು ದಿನಕ್ಕೆ ಒಂದು ಗಂಟೆ ತರಗತಿ ಬಿಟ್ಟು, ಓದಿನ ಮಟ್ಟ ನೋಡಿ ಗುಂಪು ಮಾಡುತ್ತಾರೆ. ಅಕ್ಷರ ಬರುವವರು ಒಂದು ಕಡೆ, ಪದ ಓದುವವರು ಒಂದು ಕಡೆ, ಸಣ್ಣ ಪ್ಯಾರಾ ಓದುವವರು, ಕಥೆ ಓದುವವರು. ಮುಂದೆ ಹೋದ ಮಗು ತಕ್ಷಣ ಗುಂಪು ಬದಲಿಸುತ್ತದೆ. ಉಳಿದ ಹೊತ್ತು ಎಲ್ಲರೂ ತಮ್ಮ ತರಗತಿಯಲ್ಲೇ. ಇದನ್ನು ಪರೀಕ್ಷೆ ಮಾಡಿ ನೋಡಿದವರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಇದ್ದಾರೆ, 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಮುಖ್ಯವಾದ ಮಾತು ಇಲ್ಲಿದೆ. ಬಿಹಾರ, ಉತ್ತರಾಖಂಡದಲ್ಲಿ ಸರ್ಕಾರಿ ಶಿಕ್ಷಕರಿಗೆ ಬರೀ ತರಬೇತಿ, ಸಾಮಗ್ರಿ ಕೊಟ್ಟ ಕಡೆ ಏನೂ ಆಗಲಿಲ್ಲ. ಹರಿಯಾಣದಲ್ಲಿ ಆ ಒಂದು ಗಂಟೆಯನ್ನು ವೇಳಾಪಟ್ಟಿಯಲ್ಲೇ ಬೇರೆ ಇಟ್ಟರು, ಬಂದು ನೋಡುವವರನ್ನೂ ನೇಮಿಸಿದರು. ಅಲ್ಲಿ ಹಿಂದಿ ಓದು ಸುಧಾರಿಸಿತು. ಗಣಿತದಲ್ಲಿ ಹಾಗೆ ಕಾಣಲಿಲ್ಲ, ಅದನ್ನೂ ಹೇಳಬೇಕು.

ಇನ್ನೊಂದು ಎಚ್ಚರಿಕೆ. ಒಬ್ಬ ಮಗು ನೋಡಿ ಕಲಿಯುತ್ತದೆ, ಒಬ್ಬ ಮಗು ಕೇಳಿ ಕಲಿಯುತ್ತದೆ, ಹಾಗಾಗಿ ಅದೇ ರೀತಿ ಕಲಿಸಿ ಎಂದು ತರಬೇತಿಗಳಲ್ಲಿ ಹೇಳುವುದನ್ನು ನೀವು ಕೇಳಿರುತ್ತೀರಿ. ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಮನೋವಿಜ್ಞಾನಿಗಳು 2008ರಲ್ಲಿ ಇದ್ದ ಅಧ್ಯಯನಗಳನ್ನೆಲ್ಲ ತಿರುವಿ ಹಾಕಿದರು. ಹಾಗೆ ವಿಂಗಡಿಸಿ ಕಲಿಸಿದರೆ ಲಾಭ ಎನ್ನಲು ಸಾಕಷ್ಟು ಪುರಾವೆ ಸಿಗಲಿಲ್ಲ. ಮಗುವಿಗೆ ಈಗ ಏನು ಬರುತ್ತದೆ, ಏನು ಬರಲ್ಲ ಎಂಬುದನ್ನು ನೋಡಿ. ನೀನು ಕಣ್ಣಿನವನು, ನೀನು ಕಿವಿಯವನು ಎಂದು ಹೆಸರಿಡಬೇಡಿ.

ಮಾಸ್ತರೆ, ಎಸ್ಸೆಸ್ಸೆಲ್ಸಿ ಒಂದೇ ಬಾಗಿಲು ನಿಜ. ಆದರೆ ನಮ್ಮ ಬೋರ್ಡೇ 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಕೊಡುತ್ತಿದೆ. ಬಾಗಿಲು ಒಂದೇ, ಸಮಯ ಬೇರೆ. ಹತ್ತನೇ ಕ್ಲಾಸಿನ ಮಗುವಿಗೆ ಕೊಡುವ ಈ ಅವಕಾಶವನ್ನು ನಾಲ್ಕನೇ ಕ್ಲಾಸಿನ ಮಗುವಿಗೆ ಯಾಕೆ ಕೊಡಬಾರದು?


ತಾಂಡಾದ ನರ್ಸಕ್ಕ

ನಾನು ಲಿಂಗಸುಗೂರು ಕಡೆಯ ತಾಂಡಾದವಳು. ಈಗ ಬಳ್ಳಾರಿಯಲ್ಲಿ ನರ್ಸ್. ನೈಟ್ ಡ್ಯೂಟಿ ಮುಗಿಸಿ ಇದನ್ನು ಓದುತ್ತಾ ಕೂತೆ, ಎದ್ದು ಹೋಗಲು ಆಗಲಿಲ್ಲ.

ಒಂದನೇ ತರಗತಿಯಲ್ಲಿ ಟೀಚರ್ ರೊಟ್ಟಿಯ ಚಿತ್ರ ತೋರಿಸಿ ಇದೇನು ಎಂದು ಕೇಳಿದರು. ನಾನು "ಬಾಟಿ" ಅಂದೆ. ನಮ್ಮ ಮನೆಯಲ್ಲಿ ರೊಟ್ಟಿಗೆ ಹಾಗೇ ಅನ್ನುತ್ತೇವೆ. ಎಲ್ಲರೂ ನಕ್ಕರು. ಟೀಚರ್ ನಗಲಿಲ್ಲ, ಆದರೆ ಪಕ್ಕದವಳನ್ನು ಕೇಳಿದರು. ಅವತ್ತಿಂದ ಒಂದು ವರ್ಷ ನಾನು ಬಾಯಿ ಬಿಡಲಿಲ್ಲ. ಈ ಹುಡುಗಿಗೆ ಮಾತೇ ಬರಲ್ಲ ಎಂದು ಮನೆಗೆ ಹೇಳಿ ಕಳಿಸಿದರು. ಮನೆಯಲ್ಲಿ ನಾನು ಬಾಯಿ ಮುಚ್ಚುತ್ತಿರಲಿಲ್ಲ.

ಮುಂದಿನ ವರ್ಷ ಬೇರೆ ಅಕ್ಕೋರು ಬಂದರು. ಗೋಡೆಯ ಕೆಳಗೆ ನಮಗೆ ಬರೆಯಲು ಕಪ್ಪು ಪಟ್ಟಿ ಬಳಿದಿದ್ದರಲ್ಲ, ಅಲ್ಲಿ ನನ್ನ ಪಕ್ಕ ಕೂತು "ನಿಮ್ಮ ತಾಂಡಾದಾಗ ಅವ್ವಗ ಏನಂತೀರಿ?" ಎಂದು ಕೇಳಿದರು. "ಯಾಡಿ" ಅಂದೆ. ಕನ್ನಡ ಅಕ್ಷರದಲ್ಲಿ ಯಾಡಿ ಎಂದು ಬರೆದರು. ಅದರ ಪಕ್ಕ ಅವ್ವ ಎಂದು ಬರೆದರು. ಬಾಟಿ, ಪಕ್ಕದಲ್ಲಿ ರೊಟ್ಟಿ. ನಮ್ಮ ಮನೆಯ ಮಾತನ್ನು ಅಕ್ಷರದಲ್ಲಿ ನಾನು ನೋಡಿದ್ದು ಅದೇ ಮೊದಲು. ಆ ಪಟ್ಟಿಯನ್ನು ಒರೆಸಲು ನನಗೆ ಮನಸ್ಸಾಗಲಿಲ್ಲ, ಬೇರೆ ಕಡೆ ಬರೆಯಲು ಜಾಗ ಕೇಳಿದೆ. ಅದು ನಾನು ಶಾಲೆಯಲ್ಲಿ ಕೇಳಿದ ಮೊದಲ ಮಾತು.

ಆ ಅಕ್ಕೋರು ನನಗೆ ಹಗುರ ಪಾಠ ಕೊಡಲಿಲ್ಲ. ತಾಂಡಾದ ಹುಡುಗಿ, ಇವಳಿಗೆ ಇಷ್ಟು ಸಾಕು ಎಂದು ಬಿಟ್ಟಿದ್ದರೆ ನಾನು ಇಲ್ಲಿ ಇರುತ್ತಿರಲಿಲ್ಲ. ಎಲ್ಲರಿಗೆ ಕೊಟ್ಟ ಪಾಠವನ್ನೇ ಕೊಟ್ಟರು, ನನ್ನ ಮನೆಯ ಬಾಗಿಲಿಂದ ಕರೆದುಕೊಂಡು ಹೋದರು.


ರಾಯಚೂರು ಗಣಿತ ಮಾಸ್ತರು

ನರ್ಸಕ್ಕ, ನಿಮ್ಮ ಮಾತು ಎರಡು ಸಲ ಓದಿದೆ. ನಾನು ಎದುರು ಹೇಳಿದ್ದು ಹಗುರ ಪಾಠಕ್ಕೆ. ಸಿ ಸೆಕ್ಷನ್‌ಗೆ. ನೀವು ಹೇಳುವ ರೀತಿಗೆ ನನ್ನ ವಿರೋಧ ಇಲ್ಲ.

ಆದರೆ ಸಿಆರ್‌ಪಿ ಸರ್, ಆ ಒಂದು ಗಂಟೆ ಯಾರು ಕೊಡುತ್ತಾರೆ? ಪಾಠ ಮುಗಿದಿಲ್ಲ ಎಂದು ನಾಳೆ ಅಕ್ಕೋರನ್ನೇ ಕೇಳುತ್ತಾರೆ. ನೀವು ಕೇಳಬೇಡಿ, ನಿಮ್ಮ ಮೇಲಿನವರಿಗೂ ಹೇಳಿ. ಅದಾದರೆ ನಾನೂ ನನ್ನ 62 ಮಕ್ಕಳಿಗೆ ವಾರದಲ್ಲಿ ಎರಡು ಅವಧಿ ಭಾಗಾಕಾರಕ್ಕೇ ಇಡುತ್ತೇನೆ. ನೋಟು, ಚಿಲ್ಲರೆ ಇಟ್ಟೇ ಹೇಳುತ್ತೇನೆ. ಟೈಲರ್ ಅಣ್ಣನವರಿಂದ ಕಲಿತೆ.


ಕುಷ್ಟಗಿ ಅಕ್ಕೋರು

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಾಗುತ್ತಿಲ್ಲ. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ, ಯಾಕಂದರೆ ಮಾಡಿ ನೋಡದೆ ಬರೆಯಬಾರದು ಅನ್ನಿಸಿತು.

ಹೆಡ್ ಮಾಸ್ತರ ಹತ್ತಿರ ಕೇಳಿ ಒಂದು ಗಂಟೆ ತೆಗೆದುಕೊಂಡೆ. ಮೊದಲು ಬಿಸಿಯೂಟ ಆದ ಮೇಲೆ ಇಟ್ಟಿದ್ದೆ, ಮಕ್ಕಳು ತೂಕಡಿಸಿದರು. ಈಗ ಬೆಳಿಗ್ಗೆ ಪ್ರಾರ್ಥನೆ ಮುಗಿದ ತಕ್ಷಣ. 41 ಮಕ್ಕಳನ್ನೂ ಒಬ್ಬೊಬ್ಬರನ್ನೇ ಕರೆದು ಒಂದು ಪ್ಯಾರಾ ಓದಿಸಿದೆ. ನಾಲ್ಕು ದಿನ ಹಿಡಿಯಿತು. 9 ಮಕ್ಕಳು ಕಥೆ ಓದಿದರು. 17 ಮಕ್ಕಳು ಪ್ಯಾರಾ ಓದಿದರು, ತಡವರಿಸುತ್ತಾ. 12 ಮಕ್ಕಳು ಒತ್ತಕ್ಷರದಲ್ಲಿ ನಿಂತರು. ಮೂರು ಮಕ್ಕಳಿಗೆ ಕಾಗುಣಿತವೇ ಪೂರ್ತಿ ಬರಲ್ಲ, ಅದರಲ್ಲಿ ಇಬ್ಬರು 5ನೇ ತರಗತಿ. ಆ ಮೂವರ ಜೊತೆ ನಾನೇ ಕೂರುತ್ತೇನೆ. ಗುಂಪಿಗೆ ಎ, ಬಿ ಎನ್ನಲಿಲ್ಲ. ತುಂಗಾ, ಭದ್ರಾ, ಹಿರೇಹಳ್ಳ, ಕೃಷ್ಣಾ ಎಂದು ನದಿ, ಹಳ್ಳದ ಹೆಸರಿಟ್ಟೆವು. ಪ್ರತಿ ಶನಿವಾರ ಮತ್ತೆ ಓದಿಸಿ ಯಾರು ಯಾವ ಗುಂಪಿಗೆ ಎಂದು ನೋಡುತ್ತೇನೆ. ಮಾಸ್ತರೆ, ನಿಮ್ಮ ಹೂವಿನ ಹುಡುಗಿ ನೆನಪಿಗೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಯಾವ ಮಗುವಿನ ಜೊತೆ ನಾನು ಕೊನೆಯ ಸಲ ಯಾವತ್ತು ಕೂತೆ ಎಂದು ಬರೆಯುತ್ತೇನೆ. ಒಂದು ವಾರ ದಾಟಿದರೆ ಮರುದಿನ ಅದೇ ಮಗು ಮೊದಲು. ಗಂಟೆ ಮುಗಿದ ಮೇಲೆ ಎಲ್ಲರೂ ತಮ್ಮ ತಮ್ಮ ಪಾಠ ಓದುತ್ತಾರೆ, ಅದರಲ್ಲಿ ಏನೂ ಕಡಿಮೆ ಮಾಡಿಲ್ಲ.

ನನ್ನ ಹುಡುಗ ಒತ್ತಕ್ಷರದ ಗುಂಪಿನಲ್ಲಿದ್ದಾನೆ. ಕಿಟಕಿ ನೋಡುತ್ತಿದ್ದ ಹುಡುಗಿಗೆ ಆ ಗುಂಪು ಓದಿಸುವ ಕೆಲಸ ಕೊಟ್ಟೆ. ಅದು ಅವಳಿಗೂ ಸುಲಭ ಇರಲಿಲ್ಲ. "ಸ್ತ ಯಾಕೆ ಸ್ತ" ಎಂದು ಇವನು ಕೇಳಿದರೆ ಹೇಳಲು ಒದ್ದಾಡಿದಳು, ಸಂಜೆ ನನ್ನ ಹತ್ತಿರ ಬಂದು ಕೇಳಿಕೊಂಡು ಹೋದಳು. ಮೊನ್ನೆ ಸಿಮೆಂಟ್ ಚೀಲದ ಮೇಲಿದ್ದ ಬರಹ ನೆನಪು ಮಾಡಿಕೊಂಡು ಇವನು ಬೋರ್ಡ್ ಮೇಲೆ "ಸಿಮೆಂಟ್" ಎಂದು ಬರೆದ. ಟ್ ಸರಿಯಾಗಿಯೇ ಬರೆದ. ಅದರ ಕೆಳಗೆ ತಾನೇ 50 × 7 = 350 ಎಂದು ಬರೆದ.

ದೀಪಾವಳಿಗೆ ಅವನು ಮತ್ತೆ ಹೋಗುತ್ತಾನೆ. ಅವನ ಅವ್ವನಿಗೆ ಹೇಳಿದ್ದೇನೆ, ಹೋಗುವಾಗ ಅವನ ಕಾರ್ಡುಗಳನ್ನು ಒಂದು ಚೀಲದಲ್ಲಿ ಹಾಕಿ ಕೊಡುತ್ತೇನೆ ಎಂದು. ಅದಕ್ಕೆ ಕಾರ್ಡು ನಾನೇ ಮಾಡಬೇಕು. ತೆಳು ಹಾಳೆ ಆದರೆ ಕಟ್ಟಡದ ಜಾಗದಲ್ಲಿ ಒಂದು ವಾರವೂ ಉಳಿಯಲ್ಲ. ಗಟ್ಟಿ ರಟ್ಟು ಎಲ್ಲಿ ಕಡಿಮೆಗೆ ಸಿಗುತ್ತದೆ, ಯಾರಿಗಾದರೂ ಗೊತ್ತಾ?


ಕೌಲ್‌ಬಜಾರ್ ಟೈಲರ್

ಕೊಳ್ಳಬೇಡಿ ಅಕ್ಕೋರೆ. ಪ್ಯಾಂಟಿನ ಅಳತೆ ಗುರುತು ಹಾಕಲು ಕತ್ತರಿಸಿದ ರಟ್ಟು ನಮ್ಮಲ್ಲಿ ಮೂಟೆಗಟ್ಟಲೆ ಉಳಿದಿದೆ. ಗಟ್ಟಿ ಇದೆ, ನೀರು ಬಿದ್ದರೂ ಬೇಗ ಹಾಳಾಗಲ್ಲ. ನಿಮಗೆ ಎಷ್ಟು ಅಗಲ, ಎಷ್ಟು ಉದ್ದ ಬೇಕು ಹೇಳಿ, ಮಷಿನ್‌ನಲ್ಲಿ ಕತ್ತರಿಸಿ ಹೊಸಪೇಟೆ ಮೇಲೆ ಕುಷ್ಟಗಿಗೆ ಬರುವ ಬಸ್ಸಿಗೆ ಹಾಕುತ್ತೇನೆ. ಮೂಲೆ ದುಂಡಗೆ ಮಾಡಿಸುತ್ತೇನೆ. ಕಚ್ಚಿದರೂ ತಾಳಲಿ.


ಕುಷ್ಟಗಿ ಅಕ್ಕೋರು

ನಾಲ್ಕು ಇಂಚು ಅಗಲ, ಆರು ಇಂಚು ಉದ್ದ. 200 ಸಾಕು. ಬಸ್ ನಂಬರ್ ಹೇಳಿ, ಬಸ್ ಸ್ಟ್ಯಾಂಡಿಗೆ ನಾನೇ ಬರುತ್ತೇನೆ.